ತನ್ನನ್ನೇ ಶಂಕಿಸುವ ಪೆಟ್ಟಿಗೆ

ಕಾರಿನ ಮುಂದಿನ ಎರಡು ಸೀಟುಗಳ ನಡುವಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿದರೆ, ಸಾಮಾನ್ಯವಾಗಿ ಗೇರಿನ ಆಸುಪಾಸಿನಲ್ಲಿ, ನೆಲದ ಉಕ್ಕಿನ ತಗಡಿಗೆ ಬೋಲ್ಟ್ ಹಾಕಿ ಬಿಗಿದ ಒಂದು ಪೆಟ್ಟಿಗೆ ಕಾಣುತ್ತದೆ. ಅಂಗೈ ಅಗಲದ್ದು. ಅದರ ಮೇಲೊಂದು ಬಾಣದ ಗುರುತು ಇರುವುದುಂಟು. ಬಾಣ ಕಾರಿನ ಮೂತಿಯ ಕಡೆಗೇ ಮುಖ ಮಾಡಿರಬೇಕು, ಬೋಲ್ಟುಗಳನ್ನು ಹೇಳಿದಷ್ಟೇ ಬಲದಲ್ಲಿ ಬಿಗಿಯಬೇಕು. ಪೆಟ್ಟಿಗೆ ಸಡಿಲವಾದರೆ ಅದು ಕಾರಿನ ಅದುರಾಟವನ್ನು ಬಿಟ್ಟು ತನ್ನ ಅದುರಾಟವನ್ನೇ ಅಳೆಯತೊಡಗುತ್ತದೆ. ವರ್ಕ್‌ಶಾಪಿನ ಮಾತಿನಲ್ಲಿ ಇದು ಏರ್‌ಬ್ಯಾಗ್ ಮಾಡ್ಯೂಲ್. ಡಿಕ್ಕಿಯಾದಾಗ ಏರ್‌ಬ್ಯಾಗ್ ಬಿಚ್ಚಬೇಕೇ, ಸೀಟ್‌ಬೆಲ್ಟನ್ನು ಎಳೆದು ಬಿಗಿ ಮಾಡಬೇಕೇ ಎಂದು ತೀರ್ಮಾನಿಸುವುದು ಇದೇ.

ಬಹುಪಾಲು ಕಾರುಗಳ ಆಯುಷ್ಯದಲ್ಲಿ ಇದರ ಮುಖ್ಯ ಕೆಲಸ ಒಮ್ಮೆಯೂ ಒದಗಿ ಬರುವುದಿಲ್ಲ. ಒದಗಿದರೆ ತಾಲೀಮು, ಎರಡನೆಯ ಅವಕಾಶ ಯಾವುದೂ ಇಲ್ಲ. ಹತ್ತು ಹದಿನೈದು ವರ್ಷ ಬಿಸಿಲು, ಚಳಿ, ಗುಂಡಿ, ಹಂಪುಗಳನ್ನು ಸಹಿಸಿಕೊಂಡು ಸುಮ್ಮನೆ ಕಾದಿದ್ದು, ಆ ಒಂದು ಕ್ಷಣದಲ್ಲಿ ತಪ್ಪಿಲ್ಲದೆ ಎದ್ದೇಳುವ ತಂತ್ರಾಂಶವನ್ನು ಬರೆಯುವುದು ಒಂದು ಅಪರೂಪದ ಕುಶಲ ವಿದ್ಯೆ. ಲಕ್ಷಾಂತರ ಕಾರುಗಳನ್ನು ವರ್ಕ್‌ಶಾಪಿಗೆ ವಾಪಸು ಕರೆಸುವ ‘ರೀಕಾಲ್’ ಸುದ್ದಿಗಳು ಪತ್ರಿಕೆಯಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತವೆ. ಅವುಗಳಲ್ಲಿ ಕೆಲವು ಈ ಪೆಟ್ಟಿಗೆಯೊಳಗಿನ ಕೆಲವೇ ಸಾಲುಗಳ ಕೋಡಿನಿಂದ ಹುಟ್ಟಿದವು.

ಮೊದಲು ಸಮಯದ ಲೆಕ್ಕ. ಗಂಟೆಗೆ 56 ಕಿಲೋಮೀಟರ್ ವೇಗದ ಕಾರು ಗೋಡೆಗೆ ಗುದ್ದಿತು ಎಂದುಕೊಳ್ಳೋಣ. ಏರ್‌ಬ್ಯಾಗಿನ ಚೀಲ ತುಂಬಲು ಸುಮಾರು 30 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ 30 ಪಾಲು ಬೇಕು. ಈ ಕಸುಬಿನವರು ಬಹುಕಾಲ ಬಳಸಿದ ಒಂದು ಸೂತ್ರವಿದೆ: ಬೆಲ್ಟ್ ಹಾಕದ ಮನುಷ್ಯನ ದೇಹ ಕಾರಿನೊಳಗೆ ಸುಮಾರು 125 ಮಿಲಿಮೀಟರ್ ಮುಂದಕ್ಕೆ ಸರಿಯುವ ಹೊತ್ತಿಗೆ ಚೀಲ ತುಂಬಿ ನಿಂತಿರಬೇಕು. ಆ ಗಳಿಗೆಯಿಂದ 30 ಮಿಲಿಸೆಕೆಂಡು ಹಿಂದಕ್ಕೆ ಎಣಿಸಿದರೆ ತೀರ್ಮಾನದ ಗಡುವು ಸಿಗುತ್ತದೆ. ಇಂಥ ಡಿಕ್ಕಿಯಲ್ಲಿ ಅದು ಗುದ್ದಿದ 15ರಿಂದ 20 ಮಿಲಿಸೆಕೆಂಡಿನೊಳಗೆ ಬೀಳುತ್ತದೆ. ಆಗಿನ್ನೂ ಕಾರಿನ ಮೂತಿ ಒಂದು ಗೇಣಿನಷ್ಟು ನುಗ್ಗಾಗಿರುತ್ತದೆ. ಒಳಗೆ ಕುಳಿತವರಿಗೆ ಡಿಕ್ಕಿಯಾದ ಅರಿವೂ ಇರುವುದಿಲ್ಲ. ಪಕ್ಕದಿಂದ ಗುದ್ದಿದರೆ ಗಡುವು ಇನ್ನೂ ಕಿರಿದು, ಐದಾರು ಮಿಲಿಸೆಕೆಂಡು. ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ಇರುವ ಜಾಗವೇ ಅಷ್ಟು.

ಇಷ್ಟು ಬೇಗ ಡಿಕ್ಕಿಯನ್ನು ಗುರುತಿಸುವುದು ಹೇಗೆ? 1960ರ ದಶಕದ ಕೊನೆಯಲ್ಲಿ ಅಮೆರಿಕದ ಆಲನ್ ಬ್ರೀಡ್ ಸರಳವಾದ ಒಂದು ಉಪಾಯ ಕಂಡುಹಿಡಿದರು. ಕೊಳವೆಯೊಳಗೆ ಒಂದು ಉಕ್ಕಿನ ಗುಂಡು, ಅದನ್ನು ಹಿಂದಿನಿಂದ ಹಿಡಿದುಕೊಂಡ ಒಂದು ಆಯಸ್ಕಾಂತ. ಕಾರು ಥಟ್ಟನೆ ನಿಂತಾಗ ಗುಂಡು ಆಯಸ್ಕಾಂತದ ಹಿಡಿತ ಬಿಡಿಸಿಕೊಂಡು ಮುಂದೆ ಉರುಳಿ ಎರಡು ಲೋಹದ ತುದಿಗಳನ್ನು ಕೂಡಿಸುತ್ತದೆ, ವಿದ್ಯುತ್ ಹರಿಯುತ್ತದೆ, ಚೀಲ ಬಿಚ್ಚುತ್ತದೆ. ಅದರಲ್ಲಿ ತಂತ್ರಾಂಶ ಎಂಬುದೇ ಇರಲಿಲ್ಲ. ಇಂದಿನ ಸೆನ್ಸರ್ ಸಿಲಿಕಾನ್ ಚೂರಿನಲ್ಲಿ ಕೊರೆದದ್ದು. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದಕ್ಕೊಂದು ತಾಗದಂತೆ ಹೆಣೆದರೆ ಹೇಗಿರುತ್ತದೋ ಹಾಗೆ, ಆದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿ. ಒಂದು ಬಾಚಣಿಗೆ ಸ್ಥಿರ, ಇನ್ನೊಂದು ತೆಳುವಾದ ಸಿಲಿಕಾನ್ ಎಳೆಗಳ ಮೇಲೆ ತೂಗುವಂಥದ್ದು. ಕಾರು ಕುಲುಕಿದರೆ ಹಲ್ಲುಗಳ ನಡುವಿನ ಸಂದು ಬದಲಾಗುತ್ತದೆ; ಅಲ್ಲಿನ ವಿದ್ಯುತ್ ಧಾರಕತೆಯೂ ಬದಲಾಗುತ್ತದೆ; ಆ ಬದಲಾವಣೆ ಒಂದು ಅಂಕಿಯಾಗುತ್ತದೆ. ಅರ್ಧ ಮಿಲಿಸೆಕೆಂಡಿಗೊಂದು ಅಂಕಿ ಬರುತ್ತದೆ ಎಂದಿಟ್ಟುಕೊಂಡರೆ, 15 ಮಿಲಿಸೆಕೆಂಡಿನ ಗಡುವಿನೊಳಗೆ ಕೈಗೆ ಸಿಗುವುದು 30 ಅಂಕಿ. ಆ 30 ಅಂಕಿಗಳನ್ನು ನೋಡಿ ಜೀವದ ವಿಷಯ ತೀರ್ಮಾನಿಸಬೇಕು.

ಜೋರಾದ ಪೆಟ್ಟೆಲ್ಲ ಡಿಕ್ಕಿಯಾಗಿದ್ದರೆ ಕೆಲಸ ಸುಲಭವಿತ್ತು. ಆಳವಾದ ಗುಂಡಿಗೆ ಚಕ್ರ ಬಿದ್ದಾಗ, ಫುಟ್‌ಪಾತಿನ ಅಂಚಿಗೆ ತಳ ಬಡಿದಾಗ, ಯಾರೋ ಬಾಗಿಲನ್ನು ರಪ್ಪನೆ ಮುಚ್ಚಿದಾಗ, ಮೆಕ್ಯಾನಿಕ್ ಅಡಿಯಲ್ಲಿ ಮಲಗಿ ಸುತ್ತಿಗೆಯಿಂದ ಬಾರಿಸಿದಾಗ ಸೆನ್ಸರ್ ಕಾಣುವ ಏಟು ಕೆಲವೊಮ್ಮೆ ನಿಜವಾದ ಡಿಕ್ಕಿಯ ಮೊದಲ ಏಟಿಗಿಂತ ಚೂಪಾಗಿರುತ್ತದೆ. ಆದರೆ ಅದು ಬಂದಷ್ಟೇ ಬೇಗ ಇಳಿಯುತ್ತದೆ. ಡಿಕ್ಕಿಯ ಏಟು ಏರುತ್ತಾ ಉಳಿಯುತ್ತದೆ. ಹಾಗಾಗಿ ತಂತ್ರಾಂಶ ಒಂದೊಂದು ಅಂಕಿಯನ್ನೂ ಬಿಡಿಯಾಗಿ ನೋಡದೆ ಕೂಡಿಸುತ್ತಾ ಹೋಗುತ್ತದೆ. ಆ ಮೊತ್ತ ಕಾರು ಇದುವರೆಗೆ ಎಷ್ಟು ವೇಗ ಕಳೆದುಕೊಂಡಿತು ಎಂಬುದನ್ನು ಹೇಳುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಲೈಟ್ ಕಂಬ. ಕಾರಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಗಟ್ಟಿ ಉಕ್ಕಿನ ತೊಲೆಗಳಿರುತ್ತವೆ. ಕಂಬ ಅವೆರಡರ ನಡುವೆ ನುಗ್ಗಿದರೆ ಮೊದಲಿಗೆ ಮೆತ್ತನೆಯ ಬಂಪರು, ರೇಡಿಯೇಟರು ಮಾತ್ರ ಮುರಿಯುತ್ತವೆ. ಒಳಗಿನ ಪೆಟ್ಟಿಗೆಗೆ ಹಗುರವಾದ ಬ್ರೇಕಿನಂತೆ ಕಾಣುತ್ತದೆ. ಕಂಬ ಎಂಜಿನ್ನಿಗೆ ತಾಗುವ ಹೊತ್ತಿಗೆ ಗಡುವು ಮೀರಿರುತ್ತದೆ. ಇದಕ್ಕಾಗಿಯೇ ಕಾರಿನ ಮೂತಿಯಲ್ಲಿ ಬೇರೆ ಸೆನ್ಸರುಗಳನ್ನು ಇಟ್ಟು, ಅವು ಕೊಡುವ ಸುಳಿವನ್ನು ಒಳಗಿನ ಅಂಕಿಗಳ ಜೊತೆ ತಾಳೆ ನೋಡುತ್ತಾರೆ.

ಬಿಚ್ಚಬೇಕಾದಾಗ ಬಿಚ್ಚದಿರುವುದು ಎಷ್ಟು ದೊಡ್ಡ ತಪ್ಪೋ, ಬೇಡದಾಗ ಬಿಚ್ಚುವುದೂ ಅಷ್ಟೇ ದೊಡ್ಡದು. ಹೆದ್ದಾರಿಯಲ್ಲಿ ನೂರರ ವೇಗದಲ್ಲಿರುವಾಗ ಚೀಲ ಮುಖಕ್ಕೆ ಸಿಡಿದರೆ ಏನಾದೀತು ಎಂದು ವಿವರಿಸಬೇಕಿಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿ ಎರಡು ಒಪ್ಪಿಗೆಗಳ ವ್ಯವಸ್ಥೆ ಇದೆ. ಮುಖ್ಯ ಪ್ರೊಸೆಸರ್ ‘ಹೌದು’ ಎಂದರೆ ಸಾಲದು. ಅದಕ್ಕೆ ಸಂಬಂಧವಿಲ್ಲದ ಮತ್ತೊಂದು ಮಂಡಲ ತಾನಾಗಿಯೇ ಅಂಕಿಗಳನ್ನು ನೋಡಿ ‘ಹೌದು’ ಎನ್ನಬೇಕು. ಡಿಕ್ಕಿಯ ಮೊದಲ ಹೊಡೆತಕ್ಕೇ ಬ್ಯಾಟರಿಯ ತಂತಿ ಕಡಿದುಹೋಗಬಹುದು. ಅದಕ್ಕೂ ಸಿದ್ಧತೆಯಿದೆ: ಹೆಚ್ಚಿನ ವೋಲ್ಟೇಜಿಗೆ ಏರಿಸಿದ ವಿದ್ಯುತ್ತನ್ನು ಪೆಟ್ಟಿಗೆಯೊಳಗಿನ ಕೆಪಾಸಿಟರುಗಳಲ್ಲಿ ಸದಾ ಕೂಡಿಟ್ಟಿರುತ್ತಾರೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕೈಯಿಡುವ ಮೊದಲು ಮೆಕ್ಯಾನಿಕ್ ಬ್ಯಾಟರಿ ಕಳಚಿ ಕೆಲವು ನಿಮಿಷ ಕಾಯುವುದು ಈ ಕೆಪಾಸಿಟರುಗಳು ಬರಿದಾಗಲಿ ಎಂದು.

ಇದಕ್ಕೆಲ್ಲ ಬರೆಯುವ ಕೋಡು ನಾವು ಮೊಬೈಲಿನಲ್ಲಿ ಬಳಸುವ ಆ್ಯಪ್‌ಗಳ ಜಾತಿಯದಲ್ಲ. ಹೆಚ್ಚಾಗಿ ಸಿ ಭಾಷೆಯದು. ಆದರೆ ಆ ಭಾಷೆ ಕೊಡುವ ಸ್ವಾತಂತ್ರ್ಯವನ್ನು ಬಹುಪಾಲು ಬಿಟ್ಟುಕೊಟ್ಟು ಬರೆದದ್ದು. ಬ್ರಿಟನ್ನಿನ ವಾಹನೋದ್ಯಮದವರು 1998ರಲ್ಲಿ ಮೊದಲು ಪ್ರಕಟಿಸಿದ ‘ಮಿಸ್ರಾ’ ನಿಯಮಾವಳಿ ಇದಕ್ಕೆ ಮೇಲ್ಪಂಕ್ತಿ. ಒಂದು ಕಾರ್ಯಘಟಕ ತನ್ನನ್ನೇ ಮತ್ತೆ ಕರೆಯುವಂತಿಲ್ಲ, ಏಕೆಂದರೆ ಎಷ್ಟು ಆಳಕ್ಕೆ ಇಳಿದೀತೆಂದು ಹೇಳಲಾಗದು. ಓಡುತ್ತಿರುವಾಗ ಹೊಸದಾಗಿ ಮೆಮೊರಿ ಕೇಳುವಂತಿಲ್ಲ, ಏಕೆಂದರೆ ಸಿಗದಿದ್ದರೆ ಗತಿಯಿಲ್ಲ. 2011ರಲ್ಲಿ ಬಂದು 2018ರಲ್ಲಿ ಪರಿಷ್ಕಾರಗೊಂಡ ಐಎಸ್‌ಒ 26262 ಎಂಬ ಅಂತಾರಾಷ್ಟ್ರೀಯ ಮಾನದಂಡ ವಾಹನದ ಒಂದೊಂದು ಅಪಾಯಕ್ಕೂ ಎ ಇಂದ ಡಿ ವರೆಗೆ ದರ್ಜೆ ಕೊಡಿಸುತ್ತದೆ. ಕಾರಣವಿಲ್ಲದೆ ಏರ್‌ಬ್ಯಾಗ್ ಸಿಡಿಯುವುದಕ್ಕೆ ಸಾಮಾನ್ಯವಾಗಿ ಸಿಗುವುದು ಅತಿ ಕಠಿಣವಾದ ಡಿ. ಆ ದರ್ಜೆಯಲ್ಲಿ ಪ್ರತಿ ಸಾಲೂ ಯಾವ ಅಗತ್ಯಕ್ಕಾಗಿ ಹುಟ್ಟಿತು, ಯಾವ ಪರೀಕ್ಷೆ ಅದನ್ನು ಮುಟ್ಟಿತು ಎಂದು ತೋರಿಸಬೇಕು. ಬಾಷ್, ಮರ್ಸಿಡಿಸ್-ಬೆಂಜ್ ಕಂಪನಿಗಳ ಬೆಂಗಳೂರಿನ ಕೇಂದ್ರಗಳಲ್ಲಿ ವಾಹನ ತಂತ್ರಾಂಶದ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಕೋರಮಂಗಲದ, ವೈಟ್‌ಫೀಲ್ಡಿನ ಅನೇಕ ಮನೆಗಳಲ್ಲಿ ಈ ನಿಯಮಗಳ ಸಂಖ್ಯೆ ಊಟದ ಹೊತ್ತಿನ ಮಾತಿನಲ್ಲೂ ನುಸುಳುವುದುಂಟು.

ಈ ಕಸುಬಿನ ಅತಿ ಸೂಕ್ಷ್ಮ ಭಾಗ ಇನ್ನೊಂದಿದೆ. ವರ್ಷಗಟ್ಟಲೆ ಸುಮ್ಮನಿರುವ ಯಂತ್ರ ತಾನು ಸರಿಯಾಗಿದ್ದೇನೆಯೇ ಎಂದು ಆಗಾಗ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಕಾರು ಶುರು ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡು ಹೊತ್ತಿ ಆರುತ್ತದೆಯಲ್ಲ, ಆ ಹೊತ್ತಿನಲ್ಲಿ ಈ ವಿಚಾರಣೆ ನಡೆದಿರುತ್ತದೆ. ಸಿಲಿಕಾನ್ ಬಾಚಣಿಗೆಗೆ ಸ್ವಲ್ಪ ವೋಲ್ಟೇಜು ಕೊಟ್ಟು ಅದನ್ನು ಬೇಕೆಂದೇ ಎಳೆದು, ನಿರೀಕ್ಷಿಸಿದ ಅಂಕಿ ಬಂತೇ ಎಂದು ನೋಡಲಾಗುತ್ತದೆ. ಚೀಲವನ್ನು ಸಿಡಿಸುವ ಸಣ್ಣ ಕಿಡಿಗುಳಿಗೆಗೆ ಸ್ಕ್ವಿಬ್ ಎನ್ನುತ್ತಾರೆ. ಅದರ ವಿದ್ಯುತ್ ರೋಧ ಸುಮಾರು 2 ಓಮ್; ಅದನ್ನು ಹೊತ್ತಿಸಲು ಒಂದು ಆಂಪಿಯರಿಗಿಂತ ಹೆಚ್ಚು ಕರೆಂಟು ಬೇಕು. ಪೆಟ್ಟಿಗೆ ಅದರೊಳಗೆ ಕೆಲವೇ ಮಿಲಿಆಂಪಿಯರ್ ಹರಿಸಿ, ಗುಳಿಗೆ ಹೊತ್ತಿಕೊಳ್ಳದಂತೆ, ತಂತಿ ತುಂಡಾಗಿದೆಯೇ ಎಂದು ಪತ್ತೆ ಮಾಡುತ್ತದೆ. ಸ್ಫೋಟಕವನ್ನು ಸ್ಫೋಟಿಸದೆ ಪರೀಕ್ಷಿಸುವ ಈ ಕೆಲಸ ಕಾರು ಓಡುವಾಗಲೂ ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ.

ದೊಡ್ಡ ರೀಕಾಲುಗಳಲ್ಲಿ ಎರಡು ಹುಟ್ಟಿದ್ದು ಈ ಆತ್ಮಪರೀಕ್ಷೆಯಿಂದಲೇ.

2016ರ ಮೇ ತಿಂಗಳಲ್ಲಿ ಜನರಲ್ ಮೋಟರ್ಸ್ ಕಂಪನಿಗೆ 2014ರ ಮಾದರಿಯ ಶೆವರ್ಲೆ ಸಿಲ್ವರಾಡೊ ಪಿಕಪ್ ಒಂದರ ಅಪಘಾತದ ಸುದ್ದಿ ಬಂತು. ಏರ್‌ಬ್ಯಾಗ್ ಬಿಚ್ಚಿರಲಿಲ್ಲ, ಸೀಟ್‌ಬೆಲ್ಟನ್ನು ಬಿಗಿಯುವ ಪ್ರಿಟೆನ್ಷನರೂ ಕೆಲಸ ಮಾಡಿರಲಿಲ್ಲ. ಪೆಟ್ಟಿಗೆಯನ್ನು ಪೂರೈಸಿದ್ದು ಡೆಲ್ಫಿ. ತನಿಖೆಯಲ್ಲಿ ಹೊರಬಿದ್ದದ್ದು ಇದು: ಡಿಕ್ಕಿಗೆ ಸ್ವಲ್ಪ ಮುಂಚೆ ಒಂದು ವಿರಳವಾದ ಚಾಲನಾ ಸ್ಥಿತಿ ಉಂಟಾದರೆ ತಂತ್ರಾಂಶ ತನ್ನ ರೋಗಪತ್ತೆಯ ಪರೀಕ್ಷೆಯನ್ನು ಶುರು ಮಾಡಿಬಿಡುತ್ತಿತ್ತು. ಆ ಪರೀಕ್ಷೆ ನಡೆಯುವಷ್ಟು ಹೊತ್ತು ಮುಂಭಾಗದ ಏರ್‌ಬ್ಯಾಗುಗಳನ್ನು ಬಿಚ್ಚುವ ಆಜ್ಞೆ ಹೊರಡುವಂತಿರಲಿಲ್ಲ. ಪರೀಕ್ಷೆಯ ವೇಳೆ ಚೀಲ ಸಿಡಿಯಬಾರದು ಎಂಬುದು ತನ್ನಷ್ಟಕ್ಕೆ ವಿವೇಕದ ನಿಯಮವೇ. ಆ ವಿವೇಕ ಹೊತ್ತಲ್ಲದ ಹೊತ್ತಿನಲ್ಲಿ ಎದ್ದಿತು. ಒಂದು ಸಾವು, ಮೂರು ಗಾಯಗಳು ಈ ದೋಷಕ್ಕೆ ತಳುಕು ಹಾಕಿಕೊಂಡವು. ಸೆಪ್ಟೆಂಬರಿನಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 43 ಲಕ್ಷ ವಾಹನಗಳನ್ನು ವಾಪಸು ಕರೆಸಿತು. ಅವುಗಳಲ್ಲಿ 36 ಲಕ್ಷ ಅಮೆರಿಕದಲ್ಲೇ ಇದ್ದವು.

ಮರುವರ್ಷ ಮೇ ತಿಂಗಳಲ್ಲಿ ಫಿಯಟ್ ಕ್ರೈಸ್ಲರ್ ತನ್ನ ರ್‍ಯಾಮ್ ಪಿಕಪ್ಪುಗಳಲ್ಲಿ ಸುಮಾರು 12.5 ಲಕ್ಷವನ್ನು ಕರೆಸಿತು. ಇಲ್ಲಿಯ ಕಥೆ ಬೇರೆ, ಬೇರು ಒಂದೇ. ಸೆನ್ಸರ್ ನಂಬಲಾಗದ ಅಂಕಿ ಕೊಟ್ಟರೆ ‘ಇದು ಕೆಟ್ಟಿದೆ’ ಎಂದು ಗುರುತು ಹಾಕಿ ಬದಿಗಿಡುವುದು ಪೆಟ್ಟಿಗೆಗೆ ಕಲಿಸಿದ ಎಚ್ಚರ. ಪಿಕಪ್ಪಿನ ತಳಕ್ಕೆ ಕಲ್ಲೋ ಮರದ ದಿಮ್ಮಿಯೋ ಜೋರಾಗಿ ಬಡಿದಾಗ ತಂತ್ರಾಂಶ ಸೆನ್ಸರ್ ಕೆಟ್ಟಿದೆ ಎಂದು ತಪ್ಪಾಗಿ ತಿಳಿಯುತ್ತಿತ್ತು. ಎಚ್ಚರಿಕೆಯ ದೀಪ ಹೊತ್ತುತ್ತಿತ್ತು. ಆದರೆ ವಾಹನ ಮುಂದೆ ಮಗುಚಿದರೆ ಪಕ್ಕದ ಏರ್‌ಬ್ಯಾಗ್, ಬೆಲ್ಟಿನ ಬಿಗಿತ ಎರಡೂ ಸಿಗುತ್ತಿರಲಿಲ್ಲ. ಕೀಲಿ ತಿರುಗಿಸಿ ಎಂಜಿನ್ ಆರಿಸಿ ಮತ್ತೆ ಶುರು ಮಾಡಿದರೆ ಎಲ್ಲವೂ ಮೊದಲಿನಂತಾಗಬಹುದಿತ್ತು. ತಳಕ್ಕೆ ಪೆಟ್ಟು ತಿಂದ ಗಾಡಿ ಮಗುಚಲೂಬಹುದು ಎಂಬುದನ್ನು ನೆನೆದರೆ, ಪೆಟ್ಟಿಗೆ ಕೈಬಿಟ್ಟದ್ದು ಸರಿಯಾಗಿ ಬೇಕಾದ ಹೊತ್ತಿನಲ್ಲೇ.

ಈ ಎರಡರಲ್ಲೂ ಡಿಕ್ಕಿಯನ್ನು ಗುರುತಿಸುವ ಗಣಿತ ಸೋಲಲಿಲ್ಲ. ಸೋತದ್ದು ಆ ಗಣಿತದ ಮೇಲೆ ಕಾವಲಿಟ್ಟ ಅನುಮಾನ. ಎಷ್ಟು ಶಂಕಿಸಬೇಕು, ಎಲ್ಲಿ ಶಂಕೆಯನ್ನು ನಿಲ್ಲಿಸಬೇಕು ಎಂಬ ಅಳತೆಗೆ ಸೂತ್ರವಿಲ್ಲ. ಇಂಜಿನಿಯರುಗಳ ಅನುಭವವೇ ಗತಿ. ನಿಸಾನ್ ಕಂಪನಿಯ ಪ್ರಕರಣವೂ ಇದರ ಸೋದರಸಂಬಂಧಿ. ಮುಂದಿನ ಸೀಟಿನಲ್ಲಿ ಮಗುವಿದ್ದರೆ ಚೀಲದ ಹೊಡೆತವೇ ಅದಕ್ಕೆ ಅಪಾಯ. ಹಾಗಾಗಿ ಸೀಟಿನೊಳಗಿನ ಸೆನ್ಸರ್ ಕುಳಿತವರು ದೊಡ್ಡವರೋ ಮಕ್ಕಳೋ, ಸೀಟು ಖಾಲಿಯೋ ಎಂದು ವಿಂಗಡಿಸುತ್ತದೆ. ಸೀಟು ಖಾಲಿಯಿದ್ದಾಗ ನಿಂತ ಕಾರಿನ ಎಂಜಿನ್ ಹೆಚ್ಚು ಅದುರುತ್ತಿದ್ದು ಆಮೇಲೆ ಯಾರಾದರೂ ಬಂದು ಕುಳಿತರೆ, ಅಥವಾ ಕುಳಿತವರ ಭಂಗಿ ವಿಚಿತ್ರವಾಗಿದ್ದರೆ, ತಂತ್ರಾಂಶ ದೊಡ್ಡವರು ಕುಳಿತ ಸೀಟನ್ನೂ ಖಾಲಿ ಎನ್ನಬಹುದಿತ್ತು. 2014ರಲ್ಲಿ ಸುಮಾರು 9.9 ಲಕ್ಷ ವಾಹನಗಳು ಇದಕ್ಕಾಗಿ ವರ್ಕ್‌ಶಾಪಿಗೆ ಬಂದವು. ಎರಡು ವರ್ಷದ ನಂತರ ಅದೇ ಸೀಟಿನ ವಿಂಗಡಣೆಗಾಗಿ ಅಮೆರಿಕದಲ್ಲಿ 30 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಕರೆಸಬೇಕಾಯಿತು. ಒಮ್ಮೆ ತಿದ್ದಿದರೆ ಮುಗಿಯಿತು ಎನ್ನುವಂತಿಲ್ಲ.

ಇಂಥ ದೋಷವನ್ನು ಹುಡುಕುವುದು ಹೇಗೆ? ತುಂಡಾದ ತಂತಿ, ಸವೆದ ಬೇರಿಂಗು ಕಣ್ಣಿಗೆ ಕಾಣುತ್ತವೆ. ತಪ್ಪು ತೀರ್ಮಾನಕ್ಕೆ ಆಕಾರವಿಲ್ಲ. ತನಿಖೆ ಸಾಮಾನ್ಯವಾಗಿ ಶುರುವಾಗುವುದು ಅದೇ ಪೆಟ್ಟಿಗೆಯ ನೆನಪಿನಿಂದ. ಡಿಕ್ಕಿಗೆ ಹಿಂದಿನ ಐದು ಸೆಕೆಂಡಿನ ವೇಗ, ಬ್ರೇಕು, ಆಕ್ಸಿಲರೇಟರು, ಬೆಲ್ಟ್ ಹಾಕಿತ್ತೇ ಇಲ್ಲವೇ ಎಂಬ ವಿವರಗಳನ್ನು ಅದು ಬರೆದಿಟ್ಟುಕೊಂಡಿರುತ್ತದೆ. ಆಮೇಲೆ ಪ್ರಯೋಗಾಲಯದ ಬೆಂಚಿನ ಮೇಲೆ ನಿಜವಾದ ಪೆಟ್ಟಿಗೆಯೊಂದನ್ನು ಇಟ್ಟು, ಅದರ ಸುತ್ತ ಇಲ್ಲದ ಕಾರೊಂದನ್ನು ಕಂಪ್ಯೂಟರಿನಿಂದ ಕಟ್ಟುತ್ತಾರೆ. ಸೆನ್ಸರುಗಳ ಬದಲು ಅಂಕಿಗಳನ್ನು ಉಣಿಸುವ ತಂತಿಗಳು. ಸ್ಕ್ವಿಬ್‌ಗಳ ಬದಲು 2 ಓಮಿನ ರೆಸಿಸ್ಟರುಗಳು. ಪೆಟ್ಟಿಗೆಗೆ ತಾನು ಕಾರಿನಲ್ಲೇ ಇದ್ದೇನೆ ಎಂಬ ನಂಬಿಕೆ. ಅಪಘಾತದ ಅಂಕಿಗಳನ್ನು ಹಾಗೆಯೇ ಹರಿಸಿದಾಗ ಅದು ಸಾಮಾನ್ಯವಾಗಿ ಸರಿಯಾಗಿಯೇ ಎಚ್ಚರಗೊಳ್ಳುತ್ತದೆ, ಕಷ್ಟವಿರುವುದು ಅಲ್ಲೇ. ಅಂಕಿಗಳನ್ನು ಒಂದಿಷ್ಟು ಹಿಂದೆ ಮುಂದೆ ಸರಿಸಿ, ಅದಕ್ಕೆ ಮೊದಲು ಒಂದು ಗುಂಡಿ, ಒಂದು ಕುಲುಕಾಟ, ಒಂದು ವೋಲ್ಟೇಜಿನ ಇಳಿತ ಸೇರಿಸಿ, ಸಾವಿರಾರು ಸಲ ಮತ್ತೆ ಓಡಿಸಬೇಕು. ಯಾವುದೋ ಒಂದು ಓಟದಲ್ಲಿ ಪೆಟ್ಟಿಗೆ ಮೌನವಾಗುತ್ತದೆ. ಆ ಮೌನವನ್ನು ಎರಡನೆಯ ಸಲ, ಮೂರನೆಯ ಸಲ ಬೇಕೆಂದಾಗ ಬರಿಸಲು ಸಾಧ್ಯವಾದರೆ ಮಾತ್ರ ದೋಷ ಸಿಕ್ಕಿತು ಎಂದು ಲೆಕ್ಕ. ತಿದ್ದುವ ಸಾಲುಗಳು ಆಮೇಲೆ ಕೆಲವೇ ಇರಬಹುದು. ಆ ತಿದ್ದುಪಡಿ ಬೇರೇನನ್ನೂ ಕೆಡಿಸಲಿಲ್ಲ ಎಂದು ತೋರಿಸಲು ಹಳೆಯ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕು.

ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು 1966ರದು. ದೋಷವಿದೆ ಎಂದು ಕಂಪನಿ ನಿಶ್ಚಯಿಸಿದ ಐದು ಕೆಲಸದ ದಿನಗಳೊಳಗೆ ಎನ್‌ಎಚ್‌ಟಿಎಸ್‌ಎ ಎಂಬ ರಸ್ತೆ ಸುರಕ್ಷತಾ ಸಂಸ್ಥೆಗೆ ವರದಿ ಕೊಡಬೇಕು, ಮಾಲೀಕರಿಗೆ ಅಂಚೆಯಲ್ಲಿ ಪತ್ರ ಹೋಗಬೇಕು. ವರ್ಕ್‌ಶಾಪಿನಲ್ಲಿ ನಡೆಯುವ ಕೆಲಸ ನೋಡಲು ಏನೂ ಇಲ್ಲದಂತಿದೆ, ಆದರೆ ಅದಕ್ಕೂ ಶಿಸ್ತಿದೆ. ಮೊದಲು ಬ್ಯಾಟರಿಗೆ ಚಾರ್ಜರ್ ಕಟ್ಟುತ್ತಾರೆ. ನಡುವೆ ವೋಲ್ಟೇಜ್ ಕುಸಿದರೆ ಪೆಟ್ಟಿಗೆ ಅರ್ಧ ಬರೆದ ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಉಪಕರಣ ಸಿಕ್ಕಿಸಿ ಚಾಸಿ ಸಂಖ್ಯೆಯನ್ನೂ ಈಗಿರುವ ತಂತ್ರಾಂಶದ ಆವೃತ್ತಿಯನ್ನೂ ಓದುತ್ತಾರೆ. ಬದಲಾವಣೆಗೆ ಅನುಮತಿ ಕೇಳಿದಾಗ ಪೆಟ್ಟಿಗೆ ಒಂದು ಸಂಖ್ಯೆಯನ್ನು ಒಗಟಾಗಿ ಕೊಡುತ್ತದೆ. ಉಪಕರಣ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಬಾಗಿಲು ತೆರೆಯುತ್ತದೆ. ಹಳೆಯ ಕೋಡನ್ನು ಅಳಿಸಿ ಹೊಸದನ್ನು ತುಂಡುತುಂಡಾಗಿ ಬರೆದು, ಕೊನೆಗೆ ಎಲ್ಲ ಅಂಕಿಗಳನ್ನು ಕೂಡಿಸಿ ತಾಳೆ ನೋಡಲಾಗುತ್ತದೆ. ಬರೆಯುವ ಕೆಲಸವನ್ನು ನಡೆಸುವ ಪುಟ್ಟ ‘ಬೂಟ್‌ಲೋಡರ್’ ಮಾತ್ರ ಅಳಿಯದ ಜಾಗದಲ್ಲಿರುತ್ತದೆ. ಏನೇ ಎಡವಟ್ಟಾದರೂ ಮತ್ತೆ ಮೊದಲಿನಿಂದ ಶುರು ಮಾಡಲು ಅದೊಂದು ಉಳಿದಿರಬೇಕು.

ಈಚೆಗೆ ಕೆಲವು ಕಾರುಗಳಿಗೆ ವರ್ಕ್‌ಶಾಪೂ ಬೇಡ. 2021ರ ಅಕ್ಟೋಬರ್ 23ರಂದು ಟೆಸ್ಲಾ ತನ್ನ ಸ್ವಯಂಚಾಲನೆಯ ಪ್ರಾಯೋಗಿಕ ತಂತ್ರಾಂಶದ ಹೊಸ ಆವೃತ್ತಿಯನ್ನು ಇಂಟರ್‌ನೆಟ್ ಮೂಲಕ ಕಳಿಸಿತು. ಮರುದಿನವೇ ಕಾರುಗಳು ಕಾರಣವಿಲ್ಲದೆ ಬ್ರೇಕ್ ಹಾಕುತ್ತಿವೆ ಎಂಬ ದೂರು ಬಂತು. ಕಾರಿನಲ್ಲಿರುವ ಎರಡು ಚಿಪ್‌ಗಳ ನಡುವಿನ ಮಾತುಕತೆ ಕಡಿದು, ಮುಂದಿನ ವಾಹನದ ವೇಗ ತಪ್ಪಾಗಿ ಕಾಣುತ್ತಿತ್ತು. ಕೆಲವೇ ಗಂಟೆಗಳಲ್ಲಿ ಆ ಆವೃತ್ತಿಯನ್ನು ತಡೆದು, 25ರಂದು ತಿದ್ದಿದ್ದನ್ನು ಕಳಿಸಲಾಯಿತು. ಒಟ್ಟು 11,704 ಕಾರುಗಳಲ್ಲಿ 29ರ ಹೊತ್ತಿಗೆ 17 ಬಿಟ್ಟು ಉಳಿದವೆಲ್ಲ ಸರಿಯಾಗಿದ್ದವು. ವೇಗವೇನೋ ಬೆರಗು ಹುಟ್ಟಿಸುವಂಥದ್ದೇ. ಆದರೆ ತಪ್ಪು ಅಷ್ಟು ಕಾರುಗಳನ್ನು ಹೊಕ್ಕಿದ್ದೂ ಅದೇ ವೇಗದಲ್ಲಿ.

ಚಾಲಕನೇ ಇಲ್ಲದ ವೇಮೊ ಟ್ಯಾಕ್ಸಿಗಳದು ಮತ್ತೂ ವಿಚಿತ್ರವಾದ ಪ್ರಕರಣ. 2023ರ ಡಿಸೆಂಬರ್ 11ರಂದು ಅಮೆರಿಕದ ಫೀನಿಕ್ಸ್ ನಗರದಲ್ಲಿ ಒಂದು ಪಿಕಪ್ಪನ್ನು ಇನ್ನೊಂದು ಗಾಡಿ ಓರೆಯಾಗಿ ಎಳೆದೊಯ್ಯುತ್ತಿತ್ತು. ಒಂದು ವೇಮೊ ಟ್ಯಾಕ್ಸಿ ಆ ಪಿಕಪ್ಪಿಗೆ ತಾಗಿತು. ಕೆಲವೇ ನಿಮಿಷಗಳಲ್ಲಿ ಇನ್ನೊಂದು ವೇಮೊ ಬಂದು ಅದೇ ಪಿಕಪ್ಪಿಗೇ ತಾಗಿತು. ಎಳೆಯುವ ಗಾಡಿಯೂ ಎಳೆಸಿಕೊಳ್ಳುವ ಗಾಡಿಯೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದರಿಂದ ಪಿಕಪ್ಪು ಮುಂದೆ ಎತ್ತ ಹೋಗುತ್ತದೆಂಬ ಊಹೆ ತಪ್ಪಿತ್ತು. ಇಬ್ಬರು ಮನುಷ್ಯ ಚಾಲಕರು ಹೀಗೆ ಸಾಲಾಗಿ ಒಂದೇ ತಪ್ಪು ಮಾಡುವುದು ಅಪರೂಪ. ಒಂದೇ ಕೋಡು ಓದುವ ಎರಡು ಯಂತ್ರಗಳಿಗೆ ಅದು ಸಹಜ. ಯಾರಿಗೂ ಗಾಯವಾಗಲಿಲ್ಲ. 2024ರ ಫೆಬ್ರುವರಿಯಲ್ಲಿ 444 ಟ್ಯಾಕ್ಸಿಗಳಿಗೆ ಸಂಬಂಧಿಸಿ ರೀಕಾಲ್ ದಾಖಲಾಯಿತು.

ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈಯಿಂದ. ವಾಹನ ತಯಾರಕರ ಸಂಘ 2012ರಲ್ಲಿ ತಾವಾಗಿಯೇ ರೀಕಾಲ್ ಮಾಡುವ ಸಂಹಿತೆಯೊಂದನ್ನು ತಂದಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಂ ಸರ್ಕಾರಕ್ಕೆ ರೀಕಾಲ್ ಆದೇಶಿಸುವ ಅಧಿಕಾರ ಕೊಟ್ಟಿತು, ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. 2022ರ ಅಕ್ಟೋಬರಿನಲ್ಲಿ ಕಿಯಾ ಇಂಡಿಯಾ ತನ್ನ 44,174 ಕ್ಯಾರೆನ್ಸ್ ಕಾರುಗಳನ್ನು ಏರ್‌ಬ್ಯಾಗ್ ಪೆಟ್ಟಿಗೆಯ ತಂತ್ರಾಂಶದಲ್ಲಿ ದೋಷವಿದೆಯೇ ಎಂದು ನೋಡಲು ಕರೆಸಿತು. ಬೇಕಿದ್ದರೆ ಮಾತ್ರ ಹೊಸ ತಂತ್ರಾಂಶ, ಅದೂ ಉಚಿತವಾಗಿ.

ಇಂಥ ಕರೆ ಹೋಗುವುದು ಕಂಪನಿಯ ದಾಖಲೆಯಲ್ಲಿರುವ ಮಾಲೀಕರ ಫೋನಿಗೆ, ವಿಳಾಸಕ್ಕೆ. ಎರಡನೆಯ, ಮೂರನೆಯ ಕೈಗೆ ಬಂದ ಕಾರಿನವರಿಗೆ ಅದು ಮುಟ್ಟದೆ ಹೋಗಬಹುದು. ಅವರು ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲೋ ಸರ್ವಿಸ್ ಸೆಂಟರಿನಲ್ಲೋ ಕೊಟ್ಟು ಕೇಳಿ ತಿಳಿಯಬೇಕು. ಹಳೆಯ ರೀಕಾಲ್ ಬಾಕಿಯಿದ್ದರೆ ಮೊದಲ ಮಾಲೀಕನಿಗೆ ಸಲ್ಲುತ್ತಿದ್ದ ಉಚಿತ ದುರಸ್ತಿ ಸಾಮಾನ್ಯವಾಗಿ ಈಗಿನ ಮಾಲೀಕನಿಗೂ ಸಿಗುತ್ತದೆ, ಏಕೆಂದರೆ ಲೆಕ್ಕವಿರುವುದು ಚಾಸಿ ಸಂಖ್ಯೆಯ ಹೆಸರಿನಲ್ಲಿ.